ಸೋತ ವಾರದ ಬಾಗಿಲುಗಳು

ಆ ಊರಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಅರ್ಮಿದಾ ಆಯಿ ನನಗೆ ಮೊದಲು ಹೇಳಿದ್ದು ಮಾತ್ರೆಗಳ ವಿಷಯವಲ್ಲ, ಊಟದ ವಿಷಯವೂ ಅಲ್ಲ. ನಾನು ಹೊರಗೆ ಹೋದರೆ ಅವಳು ಮನೆಯಲ್ಲಿರುತ್ತಾಳೆ, ಅವಳು ಹೋದರೆ ನಾನಿರಬೇಕು, ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟುವ ಹಾಗಿಲ್ಲ ಎಂದಳು. ಎಷ್ಟು ದಿನ ಹೀಗೆ ಎಂದು ಕೇಳಿದೆ. "ನನ್ನ ಮಗಾ ಗೆಲ್ಲೂ ತನಕ" ಎಂದು ಹೇಳಿ ಬೀನ್ಸು ಸೋಸುತ್ತ ಕೂತಳು.

ನಾನು ಗೋಕಾಕದವಳು, ಹೆಸರು ಕಸ್ತೂರಿ. ಬೆಳಗಾವಿಯಲ್ಲಿ ನರ್ಸಿಂಗ್ ಕಲಿತು, ಸಿಸ್ಟರುಗಳ ಜೊತೆ ಇಟಲಿಗೆ ಬಂದು, ಒಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದೆ. ಮೊಣಕಾಲು ರಾತ್ರಿ ಪಾಳಿಗೆ ಒಲ್ಲೆ ಎಂದ ಮೇಲೆ ಮನೆಯಲ್ಲಿದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹುಡುಕಿದೆ. ಆಗ ಸಿಕ್ಕದ್ದು ಈ ಊರು. ಹೊಳೆಗೂ ಗುಡ್ಡಕ್ಕೂ ನಡುವೆ ಇಟ್ಟಂಗಿ ಭಟ್ಟಿಗಳ ಊರು. ನಕ್ಷೆಯಲ್ಲಿ ಅಲ್ಲಿ ಬರೀ ಹೊಳೆಯಿದೆ. ರೈಲು ಅಲ್ಲಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ, ಇಳಿಯಬೇಕಾದವರು ಇಳಿದುಕೊಳ್ಳುತ್ತಾರೆ. ಅಲ್ಲಿಯ ಜನ ಆಡುವುದು ಅವರ ಭಾಷೆ. ಆದರೆ ಎಷ್ಟೋ ವರ್ಷದಿಂದ ಆ ಭಾಷೆಯಲ್ಲೇ ಬದುಕಿದ ನನಗೆ ಅವರ ಮಾತು ನೆನಪಿಗೆ ಬರುವಾಗ ನಮ್ಮ ಗೋಕಾಕದ ಮಾತಾಗಿಯೇ ಬರುತ್ತದೆ. ಇಲ್ಲೂ ಹಾಗೆಯೇ ಬರೆದಿದ್ದೇನೆ.

ಊರಿನ ಫುಟ್ಬಾಲ್ ತಂಡಕ್ಕೆ ಇಟ್ಟಂಗಿ ಬಣ್ಣದ ಅಂಗಿ. ಅದು ಸೋತರೆ ಊರಿನ ಬಾಗಿಲುಗಳು ಹೊರಗಿನಿಂದ ತೆರೆಯುವುದಿಲ್ಲ. ಮುಂದಿನ ಆಟದಲ್ಲಿ ಗೆದ್ದರೆ, ಇಲ್ಲ ಸಮ ಮಾಡಿಕೊಂಡರೆ, ಮತ್ತೆ ಎಂದಿನಂತೆ. ಅಲ್ಲಿಯವರೆಗೆ ಒಳಗಿದ್ದವರು ತೆಗೆದರೆ ಮಾತ್ರ ಉಂಟು. ಕಿಟಕಿಗಳದ್ದೂ ಅದೇ ಕಥೆ. ಕೊಡಲಿ ಹಾಕಿ ನೋಡಿದವರ ಕೊಡಲಿಯ ಬಾಯಿ ಮುಕ್ಕಾಗಿದೆ, ಹಲಗೆಗೆ ಒಂದು ಗೀರೂ ಬಿದ್ದಿಲ್ಲ. ಬಾಗಿಲು ಮುಚ್ಚದಿರಲೆಂದು ಕಲ್ಲು ಇಟ್ಟು ಹೋದವರು ತಿರುಗಿ ಬಂದಾಗ ಕಲ್ಲು ಬೀದಿಯಲ್ಲಿರುತ್ತಿತ್ತು, ಬಾಗಿಲು ಮುಚ್ಚಿರುತ್ತಿತ್ತು. ಇದನ್ನು ಯಾರೂ ನನಗೆ ಅಚ್ಚರಿಯ ಸಂಗತಿ ಎಂಬಂತೆ ಹೇಳಲಿಲ್ಲ. ನಮ್ಮ ಕಡೆ ಹೊಸಬರಿಗೆ ನಳ ಯಾವ ಹೊತ್ತಿಗೆ ಬರುತ್ತದೆ ಎಂದು ಹೇಳುವುದಿಲ್ಲವೇ, ಹಾಗೆ ಹೇಳಿದರು.

ಹಿಂದೆ ಇದು ದೊಡ್ಡ ತೊಂದರೆಯಾಗಿರಲಿಲ್ಲವಂತೆ. ತಂಡ ಕೆಳಗಿನ ದರ್ಜೆಯಲ್ಲಿ ಆಡುತ್ತಿತ್ತು, ಸೋಲುವುದಕ್ಕಿಂತ ಗೆಲ್ಲುವುದೇ ಹೆಚ್ಚು. ಯಾವಾಗಲೋ ಒಂದು ವಾರ ಬಾಗಿಲು ಮುನಿಸಿಕೊಂಡರೆ ಅಜ್ಜಿಯನ್ನೋ ಬಾಣಂತಿಯನ್ನೋ ಮನೆಯಲ್ಲಿ ಕೂರಿಸಿ ದಿನ ದೂಡುತ್ತಿದ್ದರು. ನಾನು ಬಂದ ವರ್ಷ ತಂಡ ದೇಶದ ಮೇಲಿನ ದರ್ಜೆಗೆ ಏರಿತ್ತು. ಊರು ಹುಟ್ಟಿದಾಗಿನಿಂದ ಅದೇ ಮೊದಲು. ದೊಡ್ಡ ದೊಡ್ಡ ನಗರಗಳ ತಂಡಗಳ ಬಸ್ಸುಗಳು ನಕ್ಷೆಯಲ್ಲಿಲ್ಲದ ಊರಿಗೆ ದಾರಿ ತಪ್ಪದೆ ಬಂದವು, ಗೋಲು ಹೊಡೆದವು, ಹೋದವು.

ಗೋಲು ಹೊಡೆಸಿಕೊಂಡವನು ತುಲ್ಲಿಯೋ, ಆಯಿಯ ಒಬ್ಬನೇ ಮಗ, ತಂಡದ ಗೋಲ್‌ಕೀಪರ್. ಮೂವತ್ತರ ಕೊನೆಗೆ ಬಂದಿದ್ದ. ಕೂದಲು ನೆತ್ತಿ ಬಿಟ್ಟು ಹಿಂದೆ ಸರಿದಿತ್ತು. ತಂಡದಲ್ಲಿ ಆ ಊರಲ್ಲೇ ಹುಟ್ಟಿದವನು ಅವನೊಬ್ಬನೇ. ಉಳಿದವರೆಲ್ಲ ಎಲ್ಲೆಲ್ಲಿಂದಲೋ ಬಂದವರು, ಹೊಳೆಯಾಚೆಯ ಹೋಟೆಲಿನಲ್ಲಿ ಇರುತ್ತಿದ್ದರು. ಹೋಟೆಲಿನಲ್ಲಿ ಸದಾ ಯಾರಾದರೂ ಇರುವುದರಿಂದ ಅವರಿಗೆ ಬಾಗಿಲಿನ ಕಾಟ ಗೊತ್ತೇ ಇರಲಿಲ್ಲ. ಸೋತು ಮನೆಗೆ ನಡೆದು ಬರಬೇಕಾದವನು ತುಲ್ಲಿಯೋ ಮಾತ್ರ.

ಮೊದಲನೆಯ ಆಟ ಸಮವಾಯಿತು. ಎರಡನೆಯದು ಸೋತರು, ಮೂರನೆಯದೂ ಸೋತರು, ಆಮೇಲೆ ದ್ರಾಕ್ಷಿ ಕೊಯ್ಲು ಮುಗಿದು ಮಂಜು ಇಳಿಯುವ ತನಕ ಸೋಲುತ್ತಲೇ ಹೋದರು. ಊರು ನಿಧಾನವಾಗಿ ಹೊಂದಿಕೊಂಡಿತು. ಶಾಲೆಯ ಮುಖ್ಯೋಪಾಧ್ಯಾಯಿನಿ ಶಾಲೆಯಲ್ಲೇ ಹಾಸಿಗೆ ಹಾಕಿಕೊಂಡಳು. ಒಂಟಿಯಾಗಿದ್ದ ಇಬ್ಬರು ವಿಧುರರು ಒಂದೇ ಮನೆಗೆ ಬಂದು, ಒಬ್ಬ ಹೊರಗೆ ಹೋದಾಗ ಇನ್ನೊಬ್ಬ ಒಳಗೆ ಕೂತು, ಹಬ್ಬದ ಹೊತ್ತಿಗೆ ಅಣ್ಣತಮ್ಮಂದಿರ ಹಾಗೆ ಜಗಳವಾಡತೊಡಗಿದರು. ಚರ್ಚಿನ ಪಾದ್ರಿ ಒಂದು ಸಂಜೆ ಮರೆತು ಹೊರಗೆ ಬಂದುಬಿಟ್ಟರು. ಆಮೇಲೆ ಎಷ್ಟೋ ವಾರ ಪೂಜೆ ನಡೆದದ್ದು ಅಂಗಳದಲ್ಲಿ. ಕ್ಷೌರಿಕನ ಕತ್ತರಿ, ಬಾಚಣಿಗೆ, ಕನ್ನಡಿ ಎಲ್ಲ ಅಂಗಡಿಯೊಳಗೇ ಉಳಿದವು. ಅವನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಎರವಲು ತಂದು ಚೌಕದಲ್ಲಿ ಕುರ್ಚಿ ಹಾಕಿದ. ಆ ಚಳಿಗಾಲದಲ್ಲಿ ಊರ ಗಂಡಸರೆಲ್ಲ ಬೋಳಿಸಿದ ಕುರಿಗಳ ಹಾಗೆ ಓಡಾಡಿದರು.

ಜನ ತುಲ್ಲಿಯೋನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ತಮ್ಮ ಮನೆಯ ಹೊರಗೆ ಚೀಲ ಹಿಡಿದು ನಿಂತವರೂ ಅವನನ್ನು ಕಂಡರೆ ಟೋಪಿ ತೆಗೆದು, ಆರೋಗ್ಯ ವಿಚಾರಿಸಿ, ಹವಾಮಾನದ ಮಾತಾಡುತ್ತಿದ್ದರು. ಅವನು ಆಟ ಮುಗಿಸಿ ಚೌಕದ ದಾರಿ ಬಿಟ್ಟು ಹೊಳೆಯ ದಾರಿಯಲ್ಲಿ ಸುತ್ತಿ ಬರತೊಡಗಿದ. ಬಂದು ಬಾಗಿಲು ಬಡಿಯುತ್ತಿದ್ದದ್ದು ಹೇಗೆಂದರೆ, ಸಾಲ ಕೇಳಲು ಬಂದವರ ಹಾಗೆ, ಬೆರಳ ಗೆಣ್ಣಿನಿಂದ, ಮೆಲ್ಲಗೆ. ಆಯಿ ನನ್ನನ್ನು ಏಳಗೊಡುತ್ತಿರಲಿಲ್ಲ. ಅವಳಿಗೆ ಎಂಬತ್ತರ ಹತ್ತಿರ, ಹೃದಯದ ಕಾಯಿಲೆ, ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ನುಂಗುವವಳು. ಆದರೂ ಗೋಡೆ ಹಿಡಿದುಕೊಂಡು ಹೋಗಿ ತಾನೇ ಚಿಲಕ ತೆಗೆಯುತ್ತಿದ್ದಳು. ಗೆದ್ದು ಬಂದವನಿಗೆ ಯಾರು ಬೇಕಾದರೂ ಬಾಗಿಲು ತೆಗೆದಾರು, ಸೋತು ಬಂದವನಿಗೆ ತಾಯಿಯೇ ತೆಗೆಯಬೇಕು ಎಂಬುದು ಅವಳ ಲೆಕ್ಕವಿದ್ದಿರಬೇಕು. ಬಾಯಿ ಬಿಟ್ಟು ಮಾತ್ರ ಎಂದೂ ಹೇಳಲಿಲ್ಲ. ಸೂಪು ಬಿಸಿ ಮಾಡುತ್ತ ಅವನು ಎಡಗಡೆ ತಡವಾಗಿ ಹಾರಿದ್ದನ್ನು ರೇಡಿಯೋದವ ಹೇಳಿದ ಎಂದು ಆಡಿಕೊಳ್ಳುತ್ತಿದ್ದಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಆ ಬೈಗುಳ ಅವನಿಗೆ ಹಿತವಾಗಿದ್ದಂತೆ ನನಗೆ ಕಂಡಿತು. ಊರಿನಲ್ಲಿ ಅವನನ್ನು ಬೈಯುತ್ತಿದ್ದವಳು ಅವಳೊಬ್ಬಳೇ.

ಚಳಿ ಬಲಿತ ಮೇಲೆ ಚೌಕದಲ್ಲಿ ಇನ್ನೊಂದು ಮಾತು ಎದ್ದಿತು. ವರ್ಷದ ಕೊನೆಗೆ ಪಟ್ಟಿಯ ತಳದ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ. ಇಳಿದರೇ ಒಳ್ಳೆಯದಲ್ಲವೇ ಎಂದು ಕೆಲವರು ಕೇಳತೊಡಗಿದರು. ಕೆಳಗೆ ನಾವು ಗೆಲ್ಲುತ್ತಿದ್ದೆವು, ಬಾಗಿಲು ತೆರೆದಿರುತ್ತಿದ್ದವು, ಮನೆಮಂದಿಯೆಲ್ಲ ಒಟ್ಟಿಗೆ ಮದುವೆಗೆ ಹೋಗಿಬರುತ್ತಿದ್ದೆವು. ಇಲ್ಲಿದ್ದು ಯಾರಿಗೆ ಏನು ಸಿಕ್ಕಿತು? ಮಾತು ತಪ್ಪೆನಿಸುವ ಹಾಗಿರಲಿಲ್ಲ. ನಮ್ಮ ಎದುರು ಮನೆಯ ಒರೆಸ್ತೆ ಕಾಕಾ ಕೂಡ ಹಾಗೇ ಅಂದ. ಅವನು ಭಟ್ಟಿಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ, ಮಗಳು, ಅಳಿಯ ಎಲ್ಲರೂ ಆಟದ ಹುಚ್ಚರು. ಅವರು ಮೈದಾನಕ್ಕೆ ಹೋದಾಗ ಮನೆಯೊಳಗೆ ಕೂರುವ ಪಾಳಿ ಪ್ರತಿ ಸಲವೂ ಅವನಿಗೇ ಬೀಳುತ್ತಿತ್ತು. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಇದನ್ನೇ ಆಡಿದಾಗ ಆಯಿ ಅವನ ಮುಂದಿನ ಕಾಫಿ ಕಪ್ಪನ್ನು ಎತ್ತಿಟ್ಟುಬಿಟ್ಟಳು. "ಒರೆಸ್ತೆ, ನೀ ಬಾಗಲಾ ತೆರದಿರಬೇಕಂತ ಮನಿ ಕಟ್ಟಿದಿ, ಏನ ಒಳಗ ಇರಬೇಕಂತ ಕಟ್ಟಿದಿ?" ಎಂದು ಕೇಳಿದಳು. ಕಾಕಾ ಕಪ್ಪನ್ನು ತಿರುಗಿ ಎಳೆದುಕೊಂಡ.

ವಸಂತ ಬಂದ ಮೇಲೆ ತಂಡಕ್ಕೆ ಹೇಗೋ ಉಸಿರು ಬಂತು. ಒಂದು ಗೆದ್ದರು, ಎರಡು ಸಮ ಮಾಡಿಕೊಂಡರು, ಮತ್ತೆ ಸೋತರು, ಮತ್ತೆ ಗೆದ್ದರು. ಬಾಗಿಲು ತೆರೆದ ವಾರಗಳಲ್ಲಿ ಊರು ಜೇನುಗೂಡಿನ ಹಾಗೆ ಗಿಜಿಗುಡುತ್ತಿತ್ತು. ಕ್ಷೌರಿಕ ತನ್ನ ಕತ್ತರಿಗಳನ್ನು ಎದೆಗವಚಿಕೊಂಡು ಹೊರಗೆ ತಂದ. ಪಾದ್ರಿ ಒಳಗೆ ಹೋಗಿ ಇಲಿಗಳನ್ನು ಓಡಿಸಿದರು. ತುಲ್ಲಿಯೋ ಚೌಕದ ದಾರಿಯಲ್ಲಿ ಬರಲು ಶುರುಮಾಡಿದ. ಆದರೆ ಕೊನೆಯದಕ್ಕೆ ಮುಂಚಿನ ಆಟದಲ್ಲಿ ದಕ್ಷಿಣದ ಸಮುದ್ರ ತೀರದ ಒಂದು ಊರಿಗೆ ಹೋಗಿ ಸೋತು ಬಂದರು, ಬಾಗಿಲುಗಳು ಮತ್ತೆ ಮುನಿದವು. ಪಟ್ಟಿಯಲ್ಲಿ ತಳದ ಮೂರರಿಂದ ಪಾರಾಗಲು ಇನ್ನೂ ಒಂದೇ ಒಂದು ಅಂಕ ಬೇಕಿತ್ತು. ಕೊನೆಯ ಆಟ ಸಮವಾದರೂ ಸಾಕು, ಮೇಲಿನ ದರ್ಜೆಯಲ್ಲಿ ಉಳಿಯುತ್ತೇವೆ. ಸೋತರೆ ಇಳಿಯುತ್ತೇವೆ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಕೊನೆಯ ಆಟ ಸೋತರೆ ಮುಂದಿನ ಆಟ ಬೇಸಿಗೆ ಕಳೆದ ಮೇಲೆಯೇ. ಇಡೀ ಬೇಸಿಗೆ ಬಾಗಿಲುಗಳು ಹಾಗೇ ಇರುತ್ತವೆ. ಸಮುದ್ರಕ್ಕೆ ಹೋಗುವುದಿಲ್ಲ, ನೆಂಟರ ಮನೆಗೆ ಹೋಗುವುದಿಲ್ಲ, ಸೆಕೆಯಲ್ಲಿ ಮನೆಗೊಬ್ಬರಂತೆ ಒಳಗೆ ಬೇಯಬೇಕು. ಹಾಗಾಗಿ ಇಳಿದರೇ ಒಳ್ಳೆಯದು ಎನ್ನುತ್ತಿದ್ದವರೂ ಆ ಭಾನುವಾರ ಇಟ್ಟಂಗಿ ಬಣ್ಣದ ಅಂಗಿ ತೊಟ್ಟರು.

ಬೆಳಿಗ್ಗೆ ತುಲ್ಲಿಯೋ ಹೊರಟ ಮೇಲೆ ಆಯಿ ನನ್ನನ್ನು ಮೈದಾನಕ್ಕೆ ಅಟ್ಟಿದಳು. ಇಡೀ ವರ್ಷ ಒಂದು ಆಟವನ್ನೂ ನೋಡಿಲ್ಲ, ಹೋಗಿ ನೋಡಿ ಬಾ, ಬಾಗಿಲಿಗೆ ನಾನಿದ್ದೇನೆ ಎಂದಳು. ಮಗನ ಹಳೆಯ ಮಫ್ಲರು ನನ್ನ ಕೊರಳಿಗೆ ಸುತ್ತಿದಳು. ನಾನು ಹೊರಟೆ. ಬೀದಿಯ ಜನರೆಲ್ಲ ಒಂದೇ ಕಡೆಗೆ ನಡೆಯುತ್ತಿದ್ದರು. ಸೇತುವೆಯ ತನಕ ಹೋದ ಮೇಲೆ ನನ್ನ ಕನ್ನಡಕ ಮನೆಯಲ್ಲೇ ಉಳಿದದ್ದು ತಿಳಿಯಿತು. ಕನ್ನಡಕವಿಲ್ಲದೆ ನನಗೆ ಚೆಂಡೂ ಒಂದೇ, ಪಾರಿವಾಳವೂ ಒಂದೇ. ಹಿಂದಿರುಗಿ ಬಂದು ಬಾಗಿಲು ಬಡಿದೆ.

ಒಳಗೆ ಹೆಜ್ಜೆಯ ಸಪ್ಪಳವಿಲ್ಲ. ಮತ್ತೆ ಬಡಿದೆ. ಆಗ ನೆಲದ ಮಟ್ಟದಿಂದ ಬಂದ ಹಾಗೆ ಒಂದು ದನಿ ಕೇಳಿತು. "ಕಸ್ತೂರಿ, ನಾ ಬಿದ್ದೀನಿ" ಎಂದಿತು ದನಿ. ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಸಿಕ್ಕಿ ಬಿದ್ದಿದ್ದಳು. ಎಡಗಾಲು ಎತ್ತಲಾಗುವುದಿಲ್ಲ, ಹೆಬ್ಬೆರಳು ಹೊರಗಡೆಗೆ ತಿರುಗಿಕೊಂಡಿದೆ ಎಂದಳು. ಸೊಂಟದ ಎಲುಬು ಮುರಿದಿದೆ ಎಂದು ನನಗೆ ಆಗಲೇ ತಿಳಿಯಿತು. ಅದಕ್ಕೆ ನಾನು ಹೆದರಲಿಲ್ಲ. ತಲೆ ಮೇಜಿನ ಮೂಲೆಗೆ ತಗುಲಿದೆ, ಕೈಯೆಲ್ಲ ಒದ್ದೆಯಾಗಿದೆ ಎಂದಾಗ ಹೆದರಿದೆ. ಆ ಮಾತ್ರೆ ನುಂಗುವವರ ರಕ್ತ ತಾನಾಗಿ ನಿಲ್ಲುವುದಿಲ್ಲ. ಏಪ್ರನ್ ಬಿಚ್ಚಿ ಮುದ್ದೆ ಮಾಡಿ ಗಾಯದ ಮೇಲೆ ಒತ್ತಿ ಹಿಡಿ, ಕೈ ಸೋತರೂ ಬಿಡಬೇಡ, ನಿದ್ದೆ ಬಂದರೂ ಮಲಗಬೇಡ ಎಂದು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ. ಚಿಲಕದ ತನಕ ತೆವಳಲು ಆಗುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಏನೋ ಉಜ್ಜಿದ ಸಪ್ಪಳ, ಆಮೇಲೆ ಒಂದು ನರಳಾಟ, ಆಮೇಲೆ ಆಗುವುದಿಲ್ಲ ಎಂಬ ಉತ್ತರ.

ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಆಂಬುಲೆನ್ಸು ಬಂತು. ಅದರ ಡ್ರೈವರು, ಸ್ಟ್ರೆಚರು ಹಿಡಿದ ಇನ್ನೊಬ್ಬ, ಇಬ್ಬರೂ ಆ ಊರಿನವರೇ. ಬಾಗಿಲು ನೋಡಿದರು, ಮುಟ್ಟಲೂ ಹೋಗಲಿಲ್ಲ. ಸ್ಟ್ರೆಚರನ್ನು ಬಾಗಿಲಿನ ಮುಂದೆ ಬಿಡಿಸಿಟ್ಟು ಗೋಡೆಗೆ ಒರಗಿ ನಿಂತರು. ಎದುರು ಕಿಟಕಿಯಲ್ಲಿ ಒರೆಸ್ತೆ ಕಾಕಾ ಕಾಣಿಸಿಕೊಂಡ. ಅವನ ಮನೆಯಲ್ಲಿ ಅವನೊಬ್ಬನೇ ಇದ್ದ. ನಡೆದದ್ದನ್ನು ಹೇಳಿದಾಗ ತುಟಿ ಕಚ್ಚಿಕೊಂಡು ಒಳಗೆ ಹೋಗಿ ರೇಡಿಯೋವನ್ನು ಕಿಟಕಿಯ ಸರಳುಗಳ ಹತ್ತಿರ ತಂದಿಟ್ಟು ದನಿ ಹೆಚ್ಚಿಸಿದ. ಅಷ್ಟು ಹೊತ್ತಿಗೆ ಆಟ ಶುರುವಾಗಿತ್ತು.

ಎದುರಾಳಿ ದೊಡ್ಡ ನಗರದ ತಂಡ. ಅವರಿಗೆ ಆ ಆಟದಲ್ಲಿ ಗಳಿಸುವುದೂ ಇಲ್ಲ, ಕಳೆದುಕೊಳ್ಳುವುದೂ ಇಲ್ಲ, ಆದ್ದರಿಂದ ಮೈಚಳಿ ಬಿಟ್ಟು ಆಡುತ್ತಿದ್ದರು. ಕಾರ್ನರಿನಿಂದ ಬಂದ ಚೆಂಡನ್ನು ತುಲ್ಲಿಯೋ ಮುಷ್ಟಿಯಿಂದ ಗುದ್ದಿದ, ಅದು ಹೋಗಿ ಎದುರಾಳಿಯ ಕಾಲಿಗೇ ಬಿತ್ತು, ಅವನು ಒದ್ದ. ಮೈದಾನದ ಕಡೆಯಿಂದ ಸದ್ದು ಬರಬೇಕಾದ ಹೊತ್ತಿನಲ್ಲಿ ಸದ್ದು ಬರಲಿಲ್ಲ. ನನಗೆ ಅದರಿಂದಲೇ ಗೋಲು ಎಂದು ತಿಳಿಯಿತು. ಒಳಗಿನಿಂದ ಆಯಿ ಕೇಳಿದಳು, ಯಾಕೆ ಎಲ್ಲರೂ ಸುಮ್ಮನಾದರು ಎಂದು. ಇನ್ನೂ ಏನೂ ಆಗಿಲ್ಲ ಎಂದೆ. "ಸುಳ್ಳ ಹೇಳಬ್ಯಾಡ. ಗುದ್ದಿದ್ನೋ ಹಿಡದ್ನೋ?" ಎಂದಳು. ಗುದ್ದಿದ ಎಂದೆ. ಹಿಡಿಯಬೇಕಿತ್ತು ಎಂದು ಗೊಣಗಿದಳು. ಆ ಗೊಣಗು ಕೇಳಿ ನನಗೆ ಧೈರ್ಯ ಬಂತು. ಮಗನನ್ನು ಬೈಯುವಷ್ಟು ಎಚ್ಚರ ಇದೆಯಲ್ಲ ಎಂದುಕೊಂಡೆ.

ಆದರೆ ಅರ್ಧ ಆಟದ ಹೊತ್ತಿಗೆ ಅವಳ ಮಾತುಗಳ ನಡುವೆ ಅಂತರ ಬೀಳತೊಡಗಿತು. ಹೆಸರು ಹಿಡಿದು ಎರಡು ಸಲ ಕೂಗಿದರೆ ಒಂದು ಸಲ ಉತ್ತರ. ಆಗ ಡ್ರೈವರು ನನ್ನ ಹತ್ತಿರ ಬಂದು ಮೆಲುದನಿಯಲ್ಲಿ, ಮೈದಾನದ ಗೇಟು ಕಾಯುವವನು ತನ್ನ ಭಾವ, ಈಗ ವಿರಾಮ, ತುಲ್ಲಿಯೋಗೆ ಹೇಳಿಕಳಿಸಲೇ ಎಂದು ಕೇಳಿದ. ತಾಯಿ ಈ ಸ್ಥಿತಿಯಲ್ಲಿದ್ದಾಳೆಂದು ಮಗನಿಗೆ ತಿಳಿಸದಿರುವುದು ಸರಿಯೇ? ನಾಳೆ ಅವನಿಗೆ ನಾವೆಲ್ಲ ಏನು ಮುಖ ತೋರಿಸುವುದು? ನನಗೂ ಹಾಗೇ ಅನ್ನಿಸಿತು. ಆಸ್ಪತ್ರೆಯಲ್ಲಿ ಇಂಥ ಹೊತ್ತಿನಲ್ಲಿ ಮನೆಯವರನ್ನು ಕರೆಸದೆ ಎಂದೂ ಇದ್ದವಳಲ್ಲ ನಾನು. ಹೇಳು ಎಂದು ಬಾಯಿಗೆ ಬಂದಿತ್ತು. ಆದರೂ ಅವಳ ಜೀವ, ಅವಳ ಮಗ, ಅವಳನ್ನೇ ಕೇಳಬೇಕು ಅನ್ನಿಸಿತು. ಬಾಗಿಲಿಗೆ ಕೆನ್ನೆ ಹಚ್ಚಿ ಕೇಳಿದೆ.

ಎರಡನೆಯ ಸಲ ಕೇಳಿದಾಗ ಉತ್ತರ ಬಂತು. "ಅವಗ ಹೇಳಬ್ಯಾಡ. ಇಲ್ಲೆ ಬಂದು ಏನ ಮಾಡ್ತಾನ, ನಿನ್ನ ಹಂಗ ಹೊರಗ ನಿಂದ್ರತಾನ. ಈ ಬಾಗಲಾ ತೆಗಿಯಾಂವ ಅವನೊಬ್ಬನ ಅದಾನ. ಅಲ್ಲೇ ಇರಲಿ."

ಡ್ರೈವರು ಜೇಬಿನಿಂದ ತೆಗೆದಿದ್ದ ಫೋನನ್ನು ಮತ್ತೆ ಜೇಬಿಗೆ ಹಾಕಿದ. ಎದುರು ಕಿಟಕಿಯಲ್ಲಿ ಒರೆಸ್ತೆ ಕಾಕಾ ಇದನ್ನೆಲ್ಲ ಕೇಳಿಸಿಕೊಂಡಿದ್ದ. ರೇಡಿಯೋದ ದನಿ ಆಯಿಗೆ ಕೇಳಿಸುತ್ತಿದೆಯೇ ಎಂದು ನನ್ನನ್ನು ಕೇಳಿದ. ಇಲ್ಲವಂತೆ, ಮೈದಾನದ ಗದ್ದಲ ಮಾತ್ರ ಕೇಳುತ್ತದಂತೆ ಎಂದೆ. ಅವನ ತಲೆ ಕಿಟಕಿಯಿಂದ ಮರೆಯಾಯಿತು. ಮರುಗಳಿಗೆಗೆ ಅವನ ಮನೆಯ ಬಾಗಿಲು ತೆರೆಯಿತು. ರೇಡಿಯೋವನ್ನು ಕೂಸಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಬೀದಿಗೆ ಇಳಿದ. ಬೆನ್ನ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವನು ತಿರುಗಿ ನೋಡಲಿಲ್ಲ. ಇವತ್ತು ಸೋತರೆ ಅವನ ಹೆಂಡತಿ, ಮಗಳು, ಅಳಿಯ, ಎಲ್ಲರೂ ಬೇಸಿಗೆಯಿಡೀ ಬೀದಿಪಾಲು. ಮನೆಯೊಳಗೆ ಬಾಗಿಲು ತೆಗೆಯಲು ಬೆಕ್ಕೂ ಇರಲಿಲ್ಲ. ನಾನು ಏನೋ ಹೇಳಲು ಹೋದೆ. "ಸುಮ್ನಿರ ಕಸ್ತೂರಿ, ನನಗ ಒಳಗ ಕುಂತ ಸಾಕಾಗೇತಿ" ಎಂದು ಹೇಳಿ, ನಮ್ಮ ಹೊಸ್ತಿಲ ಮೇಲೆ ಕೂತು ರೇಡಿಯೋವನ್ನು ಬಾಗಿಲಿನ ಸಂದಿಗೆ ಒತ್ತಿ ಹಿಡಿದ.

ಆ ಮೇಲಿನ ಹೊತ್ತು ಹೇಗೆ ಕಳೆಯಿತು ಎಂದು ಸರಿಯಾಗಿ ಹೇಳಲಾರೆ. ರೇಡಿಯೋದವ ಒಂದೇ ಉಸಿರಿಗೆ ಮಾತಾಡುತ್ತಿದ್ದ. ಅವನು ಉಸಿರೆಳೆದುಕೊಂಡಾಗಲೆಲ್ಲ ನಾನು ಆಯಿಯ ಹೆಸರು ಕರೆಯುತ್ತಿದ್ದೆ. ಕಾಕಾ ಅವಳಿಗೆ ಹಳೆಯ ಆಟಗಳನ್ನು ನೆನಪಿಸಿದ, ಅವಳ ಗಂಡ ಮದುವೆಯ ದಿನವೂ ಆಟ ನೋಡಲು ಹೋಗಿ ತಡವಾಗಿ ಬಂದದ್ದನ್ನು ಹೇಳಿದ. ಒಳಗಿನಿಂದ ಒಂದು ಸಣ್ಣ ನಗು ಬಂತು, ಇಲ್ಲ ಕೆಮ್ಮೋ. ಆಗಲೇ ಆ ಗೋಲು ಬಂತು. ಗೋಲು ಎಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ನಮ್ಮವನೊಬ್ಬ ಗುರಿಯಿಲ್ಲದೆ ಒದ್ದ ಚೆಂಡು ಎದುರಾಳಿಯ ಬೆನ್ನಿಗೆ ಬಡಿದು, ದಿಕ್ಕು ತಪ್ಪಿ, ಉರುಳಿಕೊಂಡು ಗೆರೆ ದಾಟಿತು. ರೇಡಿಯೋದವನಿಗೂ ಮೊದಲು ತಿಳಿಯಲಿಲ್ಲ. ಮೈದಾನದಿಂದ ಬಂದ ಸದ್ದಿಗೆ ಸೇತುವೆಯ ಪಾರಿವಾಳಗಳು ಒಟ್ಟಿಗೆ ಎದ್ದು ನಮ್ಮ ಬೀದಿಯ ಮೇಲೆ ಹಾದುಹೋದವು. ಸ್ಟ್ರೆಚರಿನವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ, ಅವನ ಭುಜ ಅಲುಗುತ್ತಿತ್ತು. ಸಮ ಆಯಿತು ಆಯಿ ಎಂದು ಕೂಗಿ ಹೇಳಿದೆ. ಇನ್ನೆಷ್ಟು ಹೊತ್ತು ಇದೆ ಎಂದು ಕೇಳಿದಳು. ಇನ್ನೂ ಇದೆ ಎಂದೆ. ಬಹಳವೇ ಇತ್ತು.

ದೊಡ್ಡ ನಗರದವರಿಗೆ ಆಗ ರೋಷ ಬಂತು ಎಂದು ಕಾಣುತ್ತದೆ. ಚೆಂಡು ನಮ್ಮ ಗೋಲಿನ ಮುಂದೆಯೇ ಗಿರಕಿ ಹೊಡೆಯತೊಡಗಿತು. ಒಂದು ಕಂಬಕ್ಕೆ ಬಡಿಯಿತು. ಒಂದನ್ನು ತುಲ್ಲಿಯೋ ಕಾಲಿನಿಂದ ತಡೆದ. ಒಂದನ್ನು ಮುಖದಿಂದ ತಡೆದ. ಹೆಸರು ಬಂದಾಗಲೆಲ್ಲ ಒಳಗೆ ಆಯಿಯ ಉಸಿರು ನಿಂತು ಮತ್ತೆ ಹೊರಡುವುದು ಬಾಗಿಲಿನ ಈಚೆಗೂ ಕೇಳಿಸಿದಂತೆ ನನಗೆ ಭ್ರಮೆಯಾಗುತ್ತಿತ್ತು. ಕೊನೆಗೆ ಕಾರ್ನರು. ಎತ್ತರಕ್ಕೆ ಬಂದ ಚೆಂಡನ್ನು ಅವನು ಗುದ್ದಲಿಲ್ಲ, ಎಲ್ಲರ ತಲೆಗಳ ಮೇಲೆ ಕೈ ಚಾಚಿ ಹಿಡಿದ. ಹಿಡಿದು ಎದೆಗವಚಿಕೊಂಡು ನೆಲಕ್ಕೆ ಬಿದ್ದ. ಏಳಲೇ ಇಲ್ಲ. ರೆಫರಿ ಬಂದು ಏಳು ಎಂದರೂ ಏಳಲಿಲ್ಲ, ಹಳದಿ ಕಾರ್ಡು ತೋರಿಸಿದರೂ ಏಳಲಿಲ್ಲ, ಚೆಂಡಿನ ಮೇಲೆ ಮೊಟ್ಟೆಗೆ ಕೂತ ಕೋಳಿಯ ಹಾಗೆ ಮಲಗಿದ್ದಾನೆ ಎಂದು ರೇಡಿಯೋದವ ಹೇಳಿದ. "ಹಿಡದಾ" ಎಂದಳು ಆಯಿ. ದನಿ ನೂಲಿನೆಳೆಯಷ್ಟಿತ್ತು. "ಹೊತ್ತ ಕಳೀಲಿ ಬಿಡ್ರಿ, ಅವನ್ನ ಎಬ್ಬಸಬ್ಯಾಡ್ರಿ."

ಸೀಟಿ ಊದಿದ್ದು ನನಗೆ ರೇಡಿಯೋದಿಂದ ಗೊತ್ತಾಗಲಿಲ್ಲ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಮನೆಮನೆಯ ಬಾಗಿಲುಗಳು ಸಡಿಲಾದ ಸದ್ದು ಬಂತು. ಬಹಳ ಹೊತ್ತು ಬಿಗಿದುಕೊಂಡು ಕೂತವರು ಬೆನ್ನು ನೆಟ್ಟಗೆ ಮಾಡಿದಾಗ ಬರುತ್ತದಲ್ಲ, ಅಂಥ ಸದ್ದು. ಬಾಗಿಲಿಗೆ ಒರಗಿದ್ದ ಕಾಕಾ ಹಿಂದಕ್ಕೆ ಒಳಗೇ ಬಿದ್ದ. ನಾನು ಅವನನ್ನು ದಾಟಿಕೊಂಡು ಓಡಿದೆ. ಆಯಿ ಏಪ್ರನ್ನನ್ನು ಎರಡೂ ಕೈಯಿಂದ ತಲೆಗೆ ಒತ್ತಿಕೊಂಡೇ ಇದ್ದಳು. ಬಿಳಿಯ ಬಟ್ಟೆಯಲ್ಲಿ ಬಿಳಿ ಉಳಿದಿರಲಿಲ್ಲ. ಕೈ ಬಿಡಿಸಲು ಹೋದರೆ ಬೆರಳು ಸೆಟೆದು ಬಿಡಲೇ ಒಲ್ಲವು. ನನ್ನನ್ನು ನೋಡಿ ಗುರುತು ಹಿಡಿದು, ನಿನ್ನ ಕನ್ನಡಕ ಬಚ್ಚಲಿನ ಕಿಟಕಿಯಲ್ಲಿದೆ ಎಂದಳು.

ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿ, ಸ್ಕ್ಯಾನ್ ಮಾಡಿ, ರಕ್ತ ಕೊಟ್ಟರು. ತಲೆಯೊಳಗೆ ರಕ್ತ ಇಳಿದಿಲ್ಲ, ಸೊಂಟಕ್ಕೆ ನಾಳೆ ಆಪರೇಷನ್ ಮಾಡಬಹುದು ಎಂದು ಡಾಕ್ಟರಮ್ಮ ಹೇಳಿದರು. ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಅಲ್ಲಿಯ ಕಿಟಕಿಯಿಂದ ಹೊಳೆಯ ದಂಡೆ ಕಾಣುತ್ತಿತ್ತು. ಇಡೀ ಊರು ಅಲ್ಲಿತ್ತು. ಇನ್ನೂ ಬಿಸಿಲಿತ್ತು. ಯಾರೂ ಕುಣಿಯುತ್ತಿರಲಿಲ್ಲ, ಪಟಾಕಿ ಹೊಡೆಯುತ್ತಿರಲಿಲ್ಲ, ಸುಮ್ಮನೆ ನಡೆಯುತ್ತಿದ್ದರು. ಗಂಡ, ಹೆಂಡತಿ, ಅಜ್ಜಿ, ಮಕ್ಕಳು, ಮನೆಯಲ್ಲಿ ಯಾರನ್ನೂ ಬಿಡದೆ ಎಲ್ಲರೂ. ಒರೆಸ್ತೆ ಕಾಕಾ ತನ್ನವರ ನಡುವೆ ಕೈಬೀಸಿಕೊಂಡು ಹೋಗುತ್ತಿದ್ದ. ಅವನ ಹೆಂಡತಿ ಏನೋ ಬೈಯುತ್ತಿದ್ದಂತೆ ಕಂಡಿತು, ಅವನು ಆಕಾಶ ನೋಡುತ್ತಿದ್ದ.

ಆಗ ಮೆಟ್ಟಿಲಿನಲ್ಲಿ ಟಕಟಕ ಸದ್ದಾಯಿತು. ತುಲ್ಲಿಯೋ ಮನೆಗೆ ಹೋಗಿ, ಅಲ್ಲಿಂದ ಆಟದ ಬೂಟುಗಳಲ್ಲೇ ಓಡಿ ಬಂದಿದ್ದ. ಮೈತುಂಬ ಕೆಸರು, ಕೆನ್ನೆ ಊದಿತ್ತು, ಒಂದು ಕೈಯಲ್ಲಿ ಇನ್ನೂ ಗ್ಲೌಸು. ಒಬ್ಬ ನರ್ಸು ನೆಲ ಒರೆಸಿದ್ದು ಈಗಷ್ಟೇ ಎಂದು ಗದರಿದಳು. ಅವನು ಕ್ಷಮೆ ಕೇಳಿ ಅಂಗಿಯ ತುದಿಯಿಂದಲೇ ಒರೆಸಲು ಬಗ್ಗಿದ. ನಾನು ಹಿಡಿದೆಬ್ಬಿಸಿ ಕೂರಿಸಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬದುಕುತ್ತಾಳೆ ಎಂಬುದನ್ನು ಮೊದಲು ಹೇಳಿದೆ, ಕೊನೆಗೆ ಮತ್ತೊಮ್ಮೆ ಹೇಳಿದೆ.

ಅವನು ಕೇಳಿಸಿಕೊಂಡು ಉಳಿದ ಗ್ಲೌಸನ್ನೂ ಕಳಚಿ ಪಕ್ಕಕ್ಕಿಟ್ಟ. "ಅಕ್ಕಾರ, ನನಗ ಯಾಕ ಹೇಳಲಿಲ್ರಿ?" ಎಂದ ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೂ ಅದು ನ್ಯಾಯವೇ. ನಾನು ಅವಳ ಮಾತನ್ನು ಅವಳಾಡಿದ ಹಾಗೆಯೇ ಒಪ್ಪಿಸಿದೆ. ಈ ಬಾಗಿಲು ತೆಗೆಯುವವನು ಅವನೊಬ್ಬನೇ, ಅಲ್ಲೇ ಇರಲಿ ಎಂದಳು ಎಂದೆ. ಅವನು ಬೂಟಿನ ಲೇಸು ಬಿಚ್ಚಲು ಬಗ್ಗಿದ. ಕೆಸರಿನಲ್ಲಿ ಗಂಟು ಸಿಗಲಿಲ್ಲ. ನಾನು ಕೆಳಗೆ ಕೂತು ಬಿಚ್ಚಿದೆ. ನನ್ನ ತಲೆಯ ಮೇಲೆ ಅವನು ಸದ್ದಿಲ್ಲದೆ ಅಳುತ್ತಿದ್ದ. ನಾನು ಗಂಟು ಬಿಗಿಯಾಗಿದೆ ಎಂಬ ಹಾಗೆ ನಿಧಾನ ಮಾಡಿದೆ.

ಬರಿಗಾಲಲ್ಲಿ ಒಳಗೆ ಹೋಗಿ ಹಾಸಿಗೆಯ ಪಕ್ಕ ನಿಂತ. ಆಯಿಯ ತಲೆಗೆ ಪಟ್ಟಿ, ಕೈಗೆ ಸೂಜಿ. ಔಷಧದ ಮಂಪರಿನಲ್ಲಿ ಕಣ್ಣು ಅರ್ಧ ತೆರೆದಳು. ಯಾರು ಎಂದಳು. ನಾನು ಅವ್ವಾ ಎಂದ. ಅವನನ್ನು ಮೇಲಿಂದ ಕೆಳಗೆ ನೋಡಿದಳು, ಇಡೀ ಚಳಿಗಾಲ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ.

"ನಾ ಇಲ್ಲೆ ಮಲಗೀನಿ. ನಿನಗ ಬಾಗಲಾ ಯಾರ ತೆಗದ್ರೋ?"

"ಯಾರೂ ತೆಗೀಲಿಲ್ಲವ್ವಾ. ತೆರದ ಇತ್ತು."

ಅವಳು ಕಿಟಕಿಯ ಕಡೆ ಮುಖ ಹೊರಳಿಸಿದಳು. ಹೊರಗೆ ಹೊಳೆಯ ಕಡೆಯಿಂದ ಜನರ ಮಾತಿನ ಗುಜುಗುಜು ಕೇಳುತ್ತಿತ್ತು. "ಹಂಗಾದ್ರ ಮುಚ್ಚಬ್ಯಾಡ, ಗಾಳಿ ಬರಲಿ" ಎಂದು ಹೇಳಿ ಕಣ್ಣು ಮುಚ್ಚಿದಳು.